ಶ್ವಾಸಕೋಶ ಕ್ಯಾನ್ಸರ್: ಪಿಡಿ-ಎಲ್1 ರಿಪೋರ್ಟ್ ಓದುವುದು ಹೇಗೆ?

ರಿಪೋರ್ಟಿನಲ್ಲಿ 'ಟಿಪಿಎಸ್ 60%' ಎಂದು ಕಂಡ ಕೂಡಲೇ ಕ್ಯಾನ್ಸರ್ ಅರ್ಧಕ್ಕಿಂತ ಜಾಸ್ತಿ ಹರಡಿದೆ ಎಂದು ಮನೆಯವರು ಕಂಗಾಲಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದು ಹರಡಿರುವ ಲೆಕ್ಕ ಅಲ್ಲವೇ ಅಲ್ಲ, ಪಿಡಿ-ಎಲ್1 ಎಂಬ ಪ್ರೋಟೀನ್ ಎಷ್ಟು ಕ್ಯಾನ್ಸರ್ ಕೋಶಗಳ ಮೇಲೆ ಇದೆ ಎಂಬ ಲೆಕ್ಕ.

ಮೊದಲು ಹೆಸರು, ದಿನಾಂಕ, ಬಯಾಪ್ಸಿ ತೆಗೆದ ಜಾಗ ನೋಡಿಕೊಳ್ಳಿ.

ಎರಡನೆಯದು ಕ್ಯಾನ್ಸರಿನ ಬಗೆ. ಈ ಅಂಕಿ ಕೆಲಸಕ್ಕೆ ಬರುವುದು 'ನಾನ್ ಸ್ಮಾಲ್ ಸೆಲ್' ಬಗೆಯಲ್ಲಿ. 'ಸ್ಮಾಲ್ ಸೆಲ್' ಎಂದಿದ್ದರೆ ಇದರ ಹಿಂದೆ ಬೀಳಬೇಡಿ.

ಮೂರನೆಯದು ಅಂಕಿ. ಎಲ್ಲರೂ ಎಡವುವುದು ಇಲ್ಲೇ. ರೋಗದ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. 1992ರಲ್ಲಿ ಜಪಾನಿನ ತಸುಕು ಹೊಂಜೊ ಅವರ ತಂಡ ಅದನ್ನು ಗುರುತಿಸಿತು, 2018ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಜೀವಕೋಶದ ಸಾವಿನ ಪ್ರೋಟೀನ್ ಎಂದು ಕರೆದರೂ ಅದು ಮಾಡುವುದು ಬ್ರೇಕ್ ಕೆಲಸ. ಕ್ಯಾನ್ಸರ್ ಕೋಶ ತನ್ನ ಮೈಮೇಲಿನ ಪಿಡಿ-ಎಲ್1ನಿಂದ ಆ ಬ್ರೇಕ್ ಒತ್ತುತ್ತದೆ, ಟಿ ಕೋಶ ದಾಳಿ ಮಾಡದೆ ಸುಮ್ಮನಾಗುತ್ತದೆ. ಬಯಾಪ್ಸಿ ತುಣುಕಿನಲ್ಲಿ ಜೀವಂತವಿರುವ ಪ್ರತಿ 100 ಕ್ಯಾನ್ಸರ್ ಕೋಶಗಳಲ್ಲಿ ಎಷ್ಟರ ಅಂಚಿಗೆ, ಪಿಡಿ-ಎಲ್1 ತೋರಿಸಲು ಲ್ಯಾಬಿನಲ್ಲಿ ಹಾಕುವ ಬಣ್ಣ ಹತ್ತಿದೆ ಎಂಬುದೇ ಟಿಪಿಎಸ್. ಬಣ್ಣ ತೆಳುವಾಗಿದ್ದರೂ, ಅರೆಬರೆಯಾಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಪಕ್ಕದ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳಿಗೂ ಬಣ್ಣ ಹತ್ತುತ್ತದೆ, ಅವನ್ನು ಬಿಡಬೇಕು.

1ಕ್ಕಿಂತ ಕಡಿಮೆ, 1ರಿಂದ 49, 50 ಮತ್ತು ಮೇಲೆ ಎಂದು ಮೂರು ಗುಂಪು. 50 ಅಥವಾ ಮೇಲಿದ್ದರೆ, ಆ ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೊಥೆರಪಿ ಇಂಜೆಕ್ಷನನ್ನು ಕೀಮೊ ಇಲ್ಲದೆಯೂ ಕೊಡುವ ದಾರಿ ಇರುತ್ತದೆ. ಸೊನ್ನೆ ಬಂದರೆ ಬಾಗಿಲು ಮುಚ್ಚಿತು ಅಂತಲ್ಲ, ಕೀಮೊ ಜೊತೆ ಅದೇ ಔಷಧ ಕೊಡುವುದುಂಟು. 90 ಬಂದವರಿಗೂ ಔಷಧ ಹಿಡಿಯದೆ ಹೋಗಬಹುದು. ಇದು ಬದುಕುಳಿಯುವ ಶೇಕಡಾವಾರು ಅಲ್ಲ.

ನಾಲ್ಕನೆಯದು ಪರೀಕ್ಷೆಗೆ ಬಳಸಿದ ಆ್ಯಂಟಿಬಾಡಿ, ಅಂದರೆ ಪಿಡಿ-ಎಲ್1ಗೆ ಅಂಟಿ ಬಣ್ಣ ಹತ್ತಿಸುವ ವಸ್ತು. 22ಸಿ3, ಎಸ್‌ಪಿ263 ಹೆಚ್ಚುಕಡಿಮೆ ಹೊಂದುತ್ತವೆ. ಎಸ್‌ಪಿ142 ಮಾತ್ರ ಕಡಿಮೆ ತೋರಿಸುತ್ತದೆ, ಅದರ ಅಂಕಿಯನ್ನು ಬೇರೆಯದರ ಜೊತೆ ಹೋಲಿಸಲೇಬೇಡಿ. ಯಾವುದು ಬಳಸಿದರು ಎಂದು ಬರೆಯದ ರಿಪೋರ್ಟ್ ನನಗಂತೂ ಅರ್ಧ ರಿಪೋರ್ಟ್, ಲ್ಯಾಬಿಗೆ ಫೋನ್ ಮಾಡಿ ಕೇಳಿ. ತುಣುಕಿನಲ್ಲಿ ಸಾಮಾನ್ಯವಾಗಿ ಕನಿಷ್ಠ 100 ಕ್ಯಾನ್ಸರ್ ಕೋಶಗಳು ಸಿಕ್ಕಿರಬೇಕು. ಮೂಳೆಯಿಂದ ತೆಗೆದು ಆಸಿಡ್‌ನಲ್ಲಿ ಮೆದು ಮಾಡಿದ ತುಣುಕನ್ನು ಪೂರ್ತಿ ನಂಬುವಂತಿಲ್ಲ.

ಕೊನೆಗೆ, ಕ್ಯಾನ್ಸರ್ ಕೋಶದ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ರಿಪೋರ್ಟ್ ಬಂತಾ ಕೇಳಿ. ಹೇಗೂ 80 ಬಂದಿದೆಯಲ್ಲ, ಇವತ್ತೇ ಇಂಜೆಕ್ಷನ್ ಶುರು ಮಾಡೋಣ ಎನ್ನುವ ಶಾರ್ಟ್‌ಕಟ್ ಬೇಡ. ಈ ಜೀನ್‌ಗಳಲ್ಲಿ ಬದಲಾವಣೆ ಇದ್ದವರಿಗೆ ಇಮ್ಯುನೊಥೆರಪಿಯಷ್ಟನ್ನೇ ಕೊಟ್ಟರೆ ಅಷ್ಟಾಗಿ ಹಿಡಿಯುವುದಿಲ್ಲ, ಮೊದಲು ಆ ಬದಲಾವಣೆಗೆ ತಕ್ಕ ಮಾತ್ರೆಯೇ ಸರಿ. ಇಮ್ಯುನೊಥೆರಪಿ ಇಂಜೆಕ್ಷನ್ ಆದ ಮೇಲೆ ಇಜಿಎಫ್‌ಆರ್ ಬದಲಾವಣೆಗೆ ಕೊಡುವ ಒಸಿಮರ್ಟಿನಿಬ್ ಮಾತ್ರೆಗೆ ಬದಲಾಯಿಸಿದರೆ ಶ್ವಾಸಕೋಶ ಉರಿಯೂತದ ಅಪಾಯ ಹೆಚ್ಚು. ರೋಗಿ ತೀರಾ ಕುಸಿದು ಕಾಯಲು ಆಗದಿದ್ದರೆ ಕೀಮೊ ಮಾತ್ರ ಶುರು ಮಾಡಿ ಜೀನ್ ರಿಪೋರ್ಟ್ ಬರುವವರೆಗೆ ಇಮ್ಯುನೊಥೆರಪಿ ತಡೆಹಿಡಿಯಬಹುದಾ ಎಂದು ಡಾಕ್ಟರನ್ನು ಕೇಳಿ.