ನಮ್ಮ ಬಿಸಿಲಿಗೆ ತಕ್ಕ ಗಾಜಿನ ಕೋಣೆ

ಚಿಕ್ಕಬಳ್ಳಾಪುರದಲ್ಲಿ ಮನೆಗೆ ಗಾಜಿನ ಕೋಣೆ ಸೇರಿಸ್ತೀನಿ ಅಂದರೆ ಜನ ನಗುತ್ತಾರೆ. ನಗೋದು ಸರಿಯೇ. ಇಂಗ್ಲೆಂಡಿನ ಶ್ರೀಮಂತರು ಇದನ್ನು ಕಟ್ಟಿಸಿದ್ದು ಚಳಿಗೆ ಕಿತ್ತಳೆ, ನಿಂಬೆ ಗಿಡ ಸಾಯದಿರಲಿ ಅಂತ. ಒಳಗೆ ಬಂದ ಬಿಸಿ ಅಲ್ಲೇ ಉಳಿಯಬೇಕು, ಅದೇ ಅದರ ಗುಣ. ನನಗೆ ಆ ಹಳೇ ಅಂದ ಬೇಕಿತ್ತು, ಬಿಸಿ ಬೇಡವಾಗಿತ್ತು.

ಹಾಗಾಗಿ ಮಾಡಿಗೆ ಗಾಜು ಬೇಡ ಅಂತ ಮೊದಲೇ ತೀರ್ಮಾನಿಸಿದೆ. ಬಿಸಿಲೊಂದೇ ಕಾರಣ ಅಲ್ಲ. ಬೇಸಿಗೆಯ ಆಲಿಕಲ್ಲು ಮಳೆ ದ್ರಾಕ್ಷಿ ತೋಟಕ್ಕೆ ಏನು ಮಾಡುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾ? ಜೊತೆಗೆ ಕೋತಿಗಳು. ಮಂಗಳೂರು ಹೆಂಚು ಹಾಕಿಸಿ, ನೆತ್ತಿಯಲ್ಲಿ ಉದ್ದಕ್ಕೂ ಒಂದು ಪುಟ್ಟ ಮೇಲ್ಮಾಡು ಎತ್ತಿಸಿದೆ. ಅದರ ಎರಡೂ ಬದಿಗೆ ತೆರೆಯುವ ಕಿಟಕಿ. ಕೆಳಗೆ ಎರಡಡಿ ಮೋಟುಗೋಡೆಯಲ್ಲಿ ಜಾಲರಿ ಕಿಂಡಿ. ತಣ್ಣನೆ ಗಾಳಿ ಕೆಳಗಿಂದ ಬರುತ್ತೆ, ಬಿಸಿಗಾಳಿ ಮೇಲಿಂದ ಹೋಗುತ್ತೆ. ಫ್ಯಾನ್ ಹಾಕಿಸೇ ಇಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗ್ ಗಾಜಿನ ಮನೆಯಲ್ಲೂ ಬದಿಗಳು ತೆರೆದಿವೆ, ನೋಡಿದ್ದೀರಲ್ವಾ?

ಜಾಗ ಮನೆಯ ಉತ್ತರಕ್ಕೆ, ಆ ಕಡೆ ಬಿಸಿಲು ಕಡಿಮೆ ಅಂತ. ಆದರೆ ಒಂದು ವಿಷಯ ಜಾಸ್ತಿ ಜನ ಗಮನಿಸಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅದಕ್ಕೆ ಸೂರನ್ನು ಎರಡಡಿ ಮುಂದಕ್ಕೆ ಬಿಡಿಸಿದೆ.

ಕಂಬಗಳಿಗೆ ಬಳ್ಳಿ ಕಿತ್ತ ದ್ರಾಕ್ಷಿ ತೋಟದ ಕಲ್ಲುಕಂಬ ತಂದೆ. ಹಳೆಯವು, ಅಗ್ಗ, ಇನ್ನೂ ಗಟ್ಟಿ. ಹೆಂಚಿನ ಭಾರ ತಡೆಯುತ್ತವಾ ಅಂತ ಇಂಜಿನಿಯರ್‌ಗೆ ತೋರಿಸಿಯೇ ನಿಲ್ಲಿಸಿದ್ದು. ಅವಕ್ಕೆ ಬೇರೆಯೇ ಪಾಯ. ಹೊಸ ಪಾಯ ಸ್ವಲ್ಪ ಕುಸಿದೇ ಕುಸಿಯುತ್ತೆ, ಹಳೇ ಗೋಡೆಗೆ ಬಿಗಿಯಾಗಿ ಕಟ್ಟಿದರೆ ಬಿರುಕು ಗ್ಯಾರಂಟಿ. ನಡುವೆ ಸಂದು ಬಿಟ್ಟು, ಗೋಡೆಯಲ್ಲಿ ಉದ್ದಕ್ಕೂ ಸಣ್ಣ ಸೀಳು ಕೊರೆದು, ಅದರೊಳಗೆ ತಗಡು ಸಿಕ್ಕಿಸಿ ಹೆಂಚಿನ ಮೇಲೆ ಇಳಿಬಿಡಿಸಿದೆ. ಇಂಥ ಕೋಣೆ ಸೋರೋದು ಹೆಚ್ಚಾಗಿ ಇಲ್ಲೇ. ಸುಮ್ನೆ ಸಿಮೆಂಟ್ ಮೆತ್ತಿದರೆ ಬಾಳಲ್ಲ.

ಚೌಕಟ್ಟು ಕೆಡವಿದ ಮನೆಯ ತೇಗದ ಮರದ್ದು. ಹಳೇ ಮರ ಒಣಗಿ ಪಳಗಿರುತ್ತೆ, ಸೊಟ್ಟಗಾಗೋದು ಕಡಿಮೆ. ದೊಡ್ಡ ಗಾಜು ಬೇಡ ಅಂತ ಸಣ್ಣ ಸಣ್ಣ ಚೌಕ ಮಾಡಿಸಿದೆ, ಹಳೇ ಅಂದ ಬರೋದೇ ಅದರಿಂದ. ಗಾಜು 5 ಎಂಎಂ ಟಫನ್ಡ್, ಅಂದರೆ ಕಾಯಿಸಿ ಹದ ಮಾಡಿ ಗಟ್ಟಿ ಮಾಡಿದ್ದು. ಅದನ್ನು ಹದ ಮಾಡಿದ ಮೇಲೆ ಕತ್ತರಿಸೋಕೆ ಆಗಲ್ಲ. ಚೌಕಟ್ಟು ನಿಲ್ಲಿಸಿ, ಪ್ರತಿ ಚೌಕವನ್ನೂ ಅಳೆದು, ಆಮೇಲೇ ಆರ್ಡರ್ ಕೊಡಿ. ಮಳೆಗಾಲಕ್ಕೆ ಮರ ಉಬ್ಬುತ್ತೆ, ಅದಕ್ಕೆ ಗಾಜಿನ ಸುತ್ತ ಚೂರು ಸಂದು ಇರಲಿ.

ಒಳಗೆ ಜರೀಗಿಡ, ಆಂಥೂರಿಯಂ, ಬಿಗೋನಿಯಾ ಚೆನ್ನಾಗಿವೆ. ಗುಲಾಬಿಗೆ ಇಷ್ಟು ಬಿಸಿಲು ಸಾಲದು, ಅದು ಹೊರಗೇ. ಮಳೆ ಶುರುವಾಗುವ ಮುಂಚೆ ಮರಕ್ಕೆ ಎಣ್ಣೆ ಹಚ್ಚಬೇಕು, ಸೂರಿನ ದೋಣಿಯಿಂದ ಎಲೆ ತೆಗೆಯಬೇಕು. ಪಕ್ಕದಲ್ಲಿ ಹೊಂಗೆ ಮರ ಇದ್ದರೆ ಈ ಎರಡನೇ ಕೆಲಸ ವರ್ಷಕ್ಕೊಮ್ಮೆ ಮಾಡಿದರೆ ಸಾಕಾಗಲ್ಲ.