ಹಡಗು ನಿಲ್ಲುವುದು 9 ಗಂಟೆ, ಕೈಗೆ ಸಿಗುವುದು ಆರೂಮುಕ್ಕಾಲು: ಕೊಜುಮೆಲ್‌ನಲ್ಲಿ ದಡದ ಪ್ರವಾಸ ಆರಿಸುವುದು ಹೇಗೆ

ಅಮೆರಿಕದ ಮಯಾಮಿ, ಟ್ಯಾಂಪಾ, ಗ್ಯಾಲ್ವೆಸ್ಟನ್ ಬಂದರುಗಳಿಂದ ಪಶ್ಚಿಮ ಕೆರಿಬಿಯನ್ ಕಡೆಗೆ ಹೊರಡುವ ಹಲವು ಕ್ರೂಸ್ ಹಡಗುಗಳು ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ ಒಂದು ಹಗಲು ನಿಲ್ಲುತ್ತವೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮಕ್ಕಳ ರಜೆ ನೋಡಿಕೊಂಡು, ಊರಿನಿಂದ ಬಂದ ಅಪ್ಪ-ಅಮ್ಮನನ್ನೂ ಜೊತೆಗೆ ಸೇರಿಸಿಕೊಂಡು ಈ ಹಡಗು ಹತ್ತುತ್ತವೆ. ಟಿಕೆಟ್ ಬುಕ್ ಮಾಡಿದ ಕೂಡಲೇ ಕಂಪನಿ ದಡದ ಪ್ರವಾಸಗಳ ಉದ್ದನೆಯ ಪಟ್ಟಿ ಕಳಿಸುತ್ತದೆ. ಮಾಯಾ ನಾಗರಿಕತೆಯ ಪಾಳು ನಗರ, ಹವಳದ ದಿಬ್ಬ, ಜಲಾಂತರ್ಗಾಮಿ, ಜಿಪ್‌ಲೈನ್, ಅಡುಗೆ ತರಗತಿ, ಎಲ್ಲವೂ ಅದರಲ್ಲಿರುತ್ತವೆ. ಫೋಟೊ ನೋಡಿ ಆರಿಸಿದವರೇ ಹೆಚ್ಚಾಗಿ ಪರದಾಡುವುದು. ಮೊದಲು ನೋಡಬೇಕಾದ್ದು ಗಡಿಯಾರ.

ಮೊದಲ ಹೆಜ್ಜೆ: ಗಂಟೆಗಳನ್ನು ಹಿಂದಿನಿಂದ ಎಣಿಸಿ

ವೇಳಾಪಟ್ಟಿಯಲ್ಲಿ ‘ಬೆಳಿಗ್ಗೆ 8ರಿಂದ ಸಂಜೆ 5’ ಎಂದಿದ್ದರೆ ನಿಮಗೆ 9 ಗಂಟೆ ಸಿಕ್ಕಿತು ಎಂದುಕೊಳ್ಳಬೇಡಿ. 8ಕ್ಕೆ ಹಡಗು ಧಕ್ಕೆಗೆ ತಾಗುತ್ತದೆ. ಹಗ್ಗ ಬಿಗಿದು, ಸ್ಥಳೀಯ ಅಧಿಕಾರಿಗಳ ಒಪ್ಪಿಗೆ ಬಂದು, ಇಳಿಯುವ ದಾರಿಯಾದ ಗ್ಯಾಂಗ್‌ವೇ ತೆರೆದು, ಸಾಲು ಕರಗಿ ನೀವು ಇಳಿಯುವಾಗ ಎಂಟೂವರೆ. ಉದ್ದನೆಯ ಧಕ್ಕೆ ದಾಟಿ, ಅಂಗಡಿಗಳ ನಡುವೆ ಹಾದು ರಸ್ತೆಗೆ ಬರುವಾಗ ಎಂಟೂಮುಕ್ಕಾಲು. ಇನ್ನು ಸಂಜೆಯ ಕಡೆ: ಹಡಗು 5ಕ್ಕೆ ಹೊರಡುವುದಾದರೆ ಎಲ್ಲರೂ ಒಳಗಿರಬೇಕಾದ ‘ಆಲ್ ಅಬೋರ್ಡ್’ ಸಮಯ ಸಾಮಾನ್ಯವಾಗಿ ನಾಲ್ಕೂವರೆ; ಕೆಲವು ಕಂಪನಿಗಳಲ್ಲಿ ಒಂದು ಗಂಟೆ ಮುಂಚೆ. ಅದಕ್ಕೂ ಒಂದು ಗಂಟೆ ಮೊದಲೇ, ಅಂದರೆ ಮೂರೂವರೆಗೆ, ಧಕ್ಕೆಯ ಬಾಗಿಲಲ್ಲಿರುವಂತೆ ಲೆಕ್ಕ ಹಾಕಿ. ಈ ಒಂದು ಗಂಟೆ ಪಂಕ್ಚರಿಗೆ, ಮಳೆಗೆ, ಟ್ಯಾಕ್ಸಿ ಸಾಲಿಗೆ ಎತ್ತಿಟ್ಟದ್ದು. ಶಾಪಿಂಗ್‌ಗೆ ಅದನ್ನು ಮುರಿಯಬೇಡಿ.

ಉಳಿಯುವುದು ಎಂಟೂಮುಕ್ಕಾಲರಿಂದ ಮೂರೂವರೆವರೆಗೆ, ಆರೂಮುಕ್ಕಾಲು ಗಂಟೆ. ನೀವು ಆರಿಸುವ ಪ್ರವಾಸ ಬಾಗಿಲಿನಿಂದ ಬಾಗಿಲಿಗೆ ಇಷ್ಟರೊಳಗೆ ಮುಗಿಯಬೇಕು.

ಎರಡನೆಯ ಹೆಜ್ಜೆ: ಯಾವ ಗಡಿಯಾರ?

ಕೊಜುಮೆಲ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ. 2015ರ ಫೆಬ್ರವರಿಯಿಂದ ಈ ರಾಜ್ಯ ವರ್ಷವಿಡೀ ಒಂದೇ ಸಮಯ ಪಾಲಿಸುತ್ತಿದೆ. ಬೇಸಿಗೆಗೆಂದು ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಅಲ್ಲಿಲ್ಲ; ಅಮೆರಿಕದಲ್ಲಿ ಮಾರ್ಚ್‌ನಿಂದ ನವೆಂಬರ್ ಮೊದಲ ವಾರದವರೆಗೆ ಇದೆ. ಪರಿಣಾಮ ಏನೆಂದರೆ, ಚಳಿಗಾಲದಲ್ಲಿ ಮಯಾಮಿಯ ಸಮಯವೂ ಕೊಜುಮೆಲ್‌ನ ಸಮಯವೂ ಒಂದೇ; ಬೇಸಿಗೆಯಲ್ಲಿ ಕೊಜುಮೆಲ್ ಒಂದು ಗಂಟೆ ಹಿಂದೆ. ಹಡಗು ಮಯಾಮಿ ಸಮಯದಲ್ಲೇ ಇದ್ದರೆ, ಹಡಗಿನಲ್ಲಿ ನಾಲ್ಕೂವರೆ ಆದಾಗ ದಡದ ಹೋಟೆಲಿನ ಗೋಡೆ ಗಡಿಯಾರ ಮೂರೂವರೆ ತೋರಿಸುತ್ತದೆ. ಅದನ್ನು ನಂಬಿ ಇನ್ನೊಂದು ಎಳನೀರು ತರಿಸಿದವರು ಹಡಗು ಹೊರಟದ್ದನ್ನು ದಡದಿಂದಲೇ ನೋಡಬೇಕಾಗುತ್ತದೆ.

ಮಯಾಮಿಗಿಂತ ಒಂದು ಗಂಟೆ ಹಿಂದಿರುವ ಗ್ಯಾಲ್ವೆಸ್ಟನ್‌ನಿಂದ ಹೊರಟವರಿಗೆ ಇದು ತಿರುಗುಮುರುಗು. ಬೇಸಿಗೆಯಲ್ಲಿ ಎರಡೂ ಹೊಂದುತ್ತವೆ, ಚಳಿಗಾಲದಲ್ಲಿ ದ್ವೀಪ ಒಂದು ಗಂಟೆ ಮುಂದಿರುತ್ತದೆ. ಖಾಸಗಿ ದೋಣಿಯವರು ‘9ಕ್ಕೆ ಬನ್ನಿ’ ಎಂದರೆ ಹಡಗಿನ ಲೆಕ್ಕದಲ್ಲಿ ಅದು 8. ನೀವು ಇಳಿಯುವ ಮೊದಲೇ ದೋಣಿ ಹೊರಟಿರುತ್ತದೆ. ಕೆಲವು ಹಡಗುಗಳು ಸ್ಥಳೀಯ ಸಮಯಕ್ಕೆ ಬದಲಾಯಿಸಿಕೊಳ್ಳುತ್ತವೆ, ಕೆಲವು ಇಲ್ಲ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಪತ್ರಿಕೆಯಲ್ಲೋ ಕಂಪನಿಯ ಆ್ಯಪ್‌ನಲ್ಲೋ ಇದನ್ನು ಖಚಿತಪಡಿಸಿಕೊಳ್ಳಿ. ಫೋನ್ ದಡದ ಸಿಗ್ನಲ್ ಹಿಡಿದ ತಕ್ಷಣ ತಾನಾಗಿ ಸಮಯ ಬದಲಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಿ, ಅಥವಾ ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವನ್ನೇ ಕಟ್ಟಿ.

ಮೂರನೆಯ ಹೆಜ್ಜೆ: ಆಸೆಯ ಜಾಗವನ್ನು ಲೆಕ್ಕಕ್ಕೆ ಹಚ್ಚಿ

ಕೊಜುಮೆಲ್ ಎಂದೊಡನೆ ಬಹಳ ಜನ ಕೇಳುವುದು ತುಲುಮ್. ಕಡಲ ಅಂಚಿನ ಬಂಡೆಯ ಮೇಲೆ ನಿಂತ, ಕೋಟೆಗೋಡೆಯ ಮಾಯಾ ನಗರ. ಅದು ದ್ವೀಪದಲ್ಲಿಲ್ಲ, ಎದುರಿನ ಮುಖ್ಯಭೂಮಿಯಲ್ಲಿದೆ. ಸ್ವಂತವಾಗಿ ಹೋಗುವವರ ದಿನ ಹೀಗಿರುತ್ತದೆ: ಧಕ್ಕೆಯಿಂದ ಟ್ಯಾಕ್ಸಿಯಲ್ಲಿ ಊರಿನ ಫೆರಿ ನಿಲ್ದಾಣಕ್ಕೆ 9, ಟಿಕೆಟ್ ಕೊಂಡು 10ರ ಫೆರಿ ಹಿಡಿದರೆ ಮುಖ್ಯಭೂಮಿಯ ಪ್ಲಾಯಾ ದೆಲ್ ಕಾರ್ಮೆನ್ ತಲುಪುವಾಗ ಹತ್ತೂಮುಕ್ಕಾಲು, ಅಲ್ಲಿಂದ 60 ಕಿಲೋಮೀಟರಿಗೂ ಮಿಕ್ಕಿದ ದಾರಿ, ವಾಹನ ಹುಡುಕುವುದೂ ಸೇರಿ 12. ವಾಹನ ನಿಲ್ಲುವಲ್ಲಿಂದ ಟಿಕೆಟ್ ಪಡೆದು ಅವಶೇಷಗಳವರೆಗೆ ನಡೆದು ಒಳಗೆ ಕಾಲಿಡುವಾಗ ಹನ್ನೆರಡೂವರೆ. ಈಗ ವಾಪಸ್ ಎಣಿಸಿ. ಮೂರೂವರೆಗೆ ಧಕ್ಕೆಯಲ್ಲಿರಬೇಕಾದರೆ 2ರ ಫೆರಿ ಬೇಕು. ಅದಕ್ಕೆ ತುಲುಮ್ ಬಿಡಬೇಕಾದ್ದು ಹನ್ನೆರಡೂವರೆಗೆ. ತಲುಪಿದ ಗಳಿಗೆಯಲ್ಲೇ ಹೊರಡಬೇಕು! 3ರ ಫೆರಿಗೆ ಕೂತರೆ ಒಂದು ಗಂಟೆ ನೋಡಲು ಸಿಗುತ್ತದೆ, ಆದರೆ ಧಕ್ಕೆಗೆ ಬರುವಾಗ 4. ಎತ್ತಿಟ್ಟ ಒಂದು ಗಂಟೆಯಲ್ಲಿ ಅರ್ಧ ಹೋಯಿತು. ಆ ಫೆರಿ ತುಂಬಿದ್ದರೆ ಅಥವಾ ಗಾಳಿಗೆ ರದ್ದಾದರೆ ಹಡಗು ತಪ್ಪುತ್ತದೆ.

ಆದ್ದರಿಂದ 8ರಿಂದ 5ರ ನಿಲುಗಡೆಯಲ್ಲಿ ತುಲುಮ್‌ಗೆ ಸ್ವಂತವಾಗಿ ಹೋಗಲೇಬೇಡಿ. ಹೋಗುವುದಾದರೆ ಹಡಗಿನವರ ಪ್ರವಾಸದಲ್ಲಿ ಹೋಗಿ. ತಡವಾದರೆ ತನ್ನ ಪ್ರವಾಸದ ಬಸ್ಸಿಗೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಕಂಪನಿಯೇ ತಲುಪಿಸುತ್ತದೆ. ಆಗಲೂ ನೀವು ಕೊಡುವುದು ಇಡೀ ದಿನ, ಪಾಳು ನಗರದಲ್ಲಿ ಕಳೆಯುವುದು ಅದರ ಸಣ್ಣ ಪಾಲು, ಉಳಿದದ್ದೆಲ್ಲ ಫೆರಿ ಮತ್ತು ಬಸ್ಸು. ದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಕಡಲ ಕಾಲುವೆಯ ಸೆಳೆತಕ್ಕೆ ಫೆರಿ ಚೆನ್ನಾಗಿ ಕುಲುಕುತ್ತದೆ. ವಾಂತಿಯ ಮಾತ್ರೆಯನ್ನು ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಕೆಲಸಕ್ಕೆ ಬಾರದು. ತುಲುಮ್‌ನಲ್ಲಿ ನೆರಳು ಬಹಳ ಕಡಿಮೆ. ಮಂಡಿನೋವಿನ ಅಮ್ಮನನ್ನು ಮಟಮಟ ಮಧ್ಯಾಹ್ನ ಅಲ್ಲಿ ನಡೆಸುವ ಮುನ್ನ ಯೋಚಿಸಿ. ಇನ್ನೊಂದು ಹೆಸರಾಂತ ಮಾಯಾ ನಗರ ಚಿಚೆನ್ ಇತ್ಸಾ ಇನ್ನೂ ದೂರ, ಪ್ಲಾಯಾದಿಂದಲೇ ಒಂದು ಕಡೆಗೆ ಎರಡೂವರೆ ಗಂಟೆಯ ಹತ್ತಿರ. ಇಷ್ಟು ಚಿಕ್ಕ ನಿಲುಗಡೆಗೆ ಅದನ್ನು ಪಟ್ಟಿಯಿಂದ ಹೊಡೆದುಹಾಕಿ.

ಮಾಯಾ ಅವಶೇಷ ನೋಡಲೇಬೇಕೆಂಬ ಆಸೆ ಇದ್ದವರಿಗೆ ದ್ವೀಪದಲ್ಲೇ ಸಾನ್ ಹೆರ್ವಾಸಿಯೊ ಇದೆ. ಇಶ್ಚೆಲ್ ದೇವತೆಯ ಕ್ಷೇತ್ರ. ಹೆರಿಗೆ, ಸಂತಾನಕ್ಕೆ ಅವಳನ್ನು ಬೇಡಲು ಮಾಯಾ ಹೆಂಗಸರು ದೋಣಿಯಲ್ಲಿ ಕಡಲು ದಾಟಿ ಬರುತ್ತಿದ್ದರು. ಗುಡಿಗಳು ಚಿಕ್ಕವು, ತುಲುಮ್‌ನ ಕಡಲ ನೋಟ ಇಲ್ಲಿಲ್ಲ. ಆದರೆ ಕಾಡಿನ ನೆರಳಿದೆ, ‘ಸಾಕ್ಬೆ’ ಎಂಬ ಹಳೆಯ ಬಿಳಿಗಲ್ಲಿನ ದಾರಿಗಳಿವೆ. ಊರಿನಿಂದ ಟ್ಯಾಕ್ಸಿಯಲ್ಲಿ ಸುಮಾರು 20 ನಿಮಿಷ, ನೋಡಲು ಒಂದೂವರೆ ಗಂಟೆ. ಸೊಳ್ಳೆಗೆ ಹಚ್ಚುವ ಔಷಧಿ ಮರೆಯಬೇಡಿ. ಚಿಕ್ಕ ನಿಲುಗಡೆಗೆ ನಮ್ಮ ಶಿಫಾರಸು ಇದೇ: ಬೆಳಿಗ್ಗೆ ಸಾನ್ ಹೆರ್ವಾಸಿಯೊ, ಮಧ್ಯಾಹ್ನ ಪಶ್ಚಿಮ ತೀರದ ಒಂದು ಬೀಚ್. ಪಶ್ಚಿಮ ತೀರವೇ ಏಕೆಂದರೆ ಅಲ್ಲಿ ನೀರು ಶಾಂತ. ಪೂರ್ವ ತೀರ ಕಣ್ಣಿಗೆ ಹಬ್ಬ, ಆದರೆ ತೆರೆದ ಕಡಲಿನ ಅಲೆ, ಸೆಳೆತ ಎರಡೂ ಜೋರು. ನೋಡಿ ಬನ್ನಿ, ಇಳಿಯಬೇಡಿ.

ನಾಲ್ಕನೆಯ ಹೆಜ್ಜೆ: ನೀರಿಗಿಳಿಯುವ ಮುನ್ನ

ಕೊಜುಮೆಲ್‌ನ ನಿಜವಾದ ಸಂಪತ್ತು ನೀರಿನಡಿಯಲ್ಲಿದೆ. ಇಲ್ಲಿನ ಹವಳದ ದಿಬ್ಬಗಳು ಜಗತ್ತಿನ ಎರಡನೆಯ ಅತಿ ದೊಡ್ಡ ತಡೆದಿಬ್ಬ ಸಾಲಿನ ಭಾಗ. 1996ರಿಂದ ರಾಷ್ಟ್ರೀಯ ಸಾಗರ ಉದ್ಯಾನ. ದೋಣಿಯವರು ಸಾಮಾನ್ಯವಾಗಿ ಪಲಾಂಕಾರ್, ಕೊಲೊಂಬಿಯಾ, ಎಲ್ ಸಿಯೆಲೊ ಎಂಬ ಮೂರು ಕಡೆ ನಿಲ್ಲಿಸುತ್ತಾರೆ. ಒಟ್ಟು ಮೂರೂವರೆಯಿಂದ 4 ಗಂಟೆ, ಆರೂಮುಕ್ಕಾಲರೊಳಗೆ ಆರಾಮಾಗಿ ಕೂರುತ್ತದೆ.

ಇಲ್ಲಿ ಸ್ನಾರ್ಕೆಲಿಂಗ್ (ಮುಖವಾಡ, ಉಸಿರುನಳಿಕೆ ಹಾಕಿ ತೇಲುತ್ತ ನೀರಿನಡಿ ನೋಡುವುದು) ಎಂದರೆ ಒಂದೇ ಕಡೆ ತೇಲುವುದಲ್ಲ. ದೋಣಿ ನಿಮ್ಮನ್ನು ಒಂದೆಡೆ ಇಳಿಸುತ್ತದೆ, ಸೆಳೆತ ದಿಬ್ಬದ ಉದ್ದಕ್ಕೂ ಒಯ್ಯುತ್ತದೆ, ದೋಣಿ ಮುಂದೆ ಬಂದು ಎತ್ತಿಕೊಳ್ಳುತ್ತದೆ. ಈಜು ಬರುವವರಿಗೆ ಇದು ಸುಖ. ಬಾರದವರು ಲೈಫ್ ಜಾಕೆಟ್ ಇದ್ದರೂ ಗಾಬರಿಯಾಗಬಹುದು. ಅಂಥವರಿಗೆ ಸೊಂಟದ ಮಟ್ಟದ ನೀರಿರುವ ಎಲ್ ಸಿಯೆಲಿತೊ ಎಂಬ ಮರಳುದಿಬ್ಬ ಸರಿ. ಹೆಸರು ಹತ್ತಿರವಿದ್ದರೂ ಎಲ್ ಸಿಯೆಲೊ ಅದಕ್ಕಿಂತ ಆಳ. ನಕ್ಷತ್ರಮೀನುಗಳನ್ನು ಅಲ್ಲಿ ಮೇಲಿನಿಂದ ತೇಲುತ್ತ ನೋಡಬೇಕು. ಬುಕ್ ಮಾಡುವಾಗ ಎರಡರಲ್ಲಿ ಯಾವುದು ಎಂದು ಕೇಳಿ. ನಕ್ಷತ್ರಮೀನನ್ನು ಫೋಟೊಗಾಗಿ ನೀರಿನಿಂದ ಎತ್ತಬೇಡಿ. ಗಾಳಿಗೆ ಎತ್ತಿದರೆ ಅದು ಸಾಯಬಹುದು. ಸನ್‌ಸ್ಕ್ರೀನ್ ಬಳಿದು ಉದ್ಯಾನದ ನೀರಿಗೆ ಇಳಿಯಬಾರದು, ಹವಳಕ್ಕೆ ಹಾನಿ. ಉದ್ದ ತೋಳಿನ ಈಜುಡುಗೆಯೇ ಒಳ್ಳೆಯದು, ಬೆನ್ನೂ ಸುಡದು.

ದೋಣಿಯೇ ಬೇಡ ಎನ್ನುವವರಿಗೆ ಚಾಂಕನಾಬ್ ಉದ್ಯಾನ. ದಡದಿಂದಲೇ ಮೆಟ್ಟಿಲಿಳಿದು ಮೀನು ನೋಡಬಹುದು. ಅಜ್ಜ-ಅಜ್ಜಿ ನೆರಳಲ್ಲಿ ಕೂರಬಹುದು. ಸ್ಕೂಬಾ ಡೈವಿಂಗ್ ಮಾಡುವವರು ಒಂದು ವಿಷಯ ನೆನಪಿಡಬೇಕು: ಒಂದಕ್ಕಿಂತ ಹೆಚ್ಚು ಸಲ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಕೊಜುಮೆಲ್ ಕೊನೆಯ ನಿಲ್ದಾಣವಾಗಿದ್ದು ಮರುದಿನ ಬೆಳಿಗ್ಗೆಯೇ ವಿಮಾನವಿದ್ದರೆ ಲೆಕ್ಕ ಹಾಕಿ ನೋಡಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ ‘ನೋರ್ತೆ’ ಎಂಬ ಉತ್ತರದ ಗಾಳಿ ಬೀಸುತ್ತದೆ. ಜೋರಾದರೆ ಬಂದರಿನ ಅಧಿಕಾರಿ ಸಣ್ಣ ದೋಣಿಗಳನ್ನು ನಿಲ್ಲಿಸುತ್ತಾರೆ. ದೊಡ್ಡ ಹಡಗು ಧಕ್ಕೆಯಲ್ಲಿ ನೆಮ್ಮದಿಯಾಗಿ ನಿಂತಿರುತ್ತದೆ, ನಿಮ್ಮ ದೋಣಿ ಮಾತ್ರ ಹೊರಡುವುದಿಲ್ಲ. ಡಿಸೆಂಬರ್ ರಜೆಗೆ ಹೋಗುವವರು ನೆಲದ ಮೇಲಿನ ಒಂದು ಪರ್ಯಾಯವನ್ನು ಮೊದಲೇ ಗುರುತು ಹಾಕಿಟ್ಟುಕೊಂಡಿರಬೇಕು.

ಐದನೆಯ ಹೆಜ್ಜೆ: ಹಡಗಿನವರದೋ, ಹೊರಗಿನವರದೋ

ಎಷ್ಟೋ ಸಲ ದೋಣಿ ಅದೇ, ಗೈಡ್ ಅವರೇ; ಹಡಗಿನ ಮೂಲಕ ಕೊಂಡರೆ ದರ ಹೆಚ್ಚು, ಗುಂಪು ದೊಡ್ಡದು. ಉದಾಹರಣೆಗೆ ತಲೆಗೆ 30 ಡಾಲರ್ ವ್ಯತ್ಯಾಸವಿದ್ದರೆ ಆರು ಜನರ ಕುಟುಂಬಕ್ಕೆ 180 ಡಾಲರ್. ಆ ಹಣಕ್ಕೆ ನೀವು ಕೊಳ್ಳುವುದು ‘ಹಡಗು ತಪ್ಪದು’ ಎಂಬ ಭರವಸೆ. ದ್ವೀಪದಲ್ಲೇ ಇರುವ, ಧಕ್ಕೆಯಿಂದ ಅರ್ಧ ಗಂಟೆಯೊಳಗಿನ, ಮಧ್ಯಾಹ್ನ 2ರೊಳಗೆ ಮುಗಿಯುವ ಪ್ರವಾಸಕ್ಕೆ ಆ ಭರವಸೆ ಬೇಕಿಲ್ಲ. ಹೊರಗಿನವರಲ್ಲಿ ಬುಕ್ ಮಾಡಿ. ಫೆರಿ ದಾಟುವುದಿದ್ದರೆ ಹಡಗಿನವರದ್ದನ್ನೇ ಕೊಳ್ಳಿ.

ಹೊರಗಿನವರಿಗೆ ಮುಂಗಡ ಕೊಡುವ ಮುನ್ನ ಕೇಳಬೇಕಾದ್ದು: ಹಡಗು ಬಂದರಿಗೆ ಬಾರದೇ ಹೋದರೆ ಪೂರ್ತಿ ಹಣ ವಾಪಸ್ ಕೊಡುತ್ತೀರಾ? ಉದ್ಯಾನದ ಪ್ರವೇಶ ಶುಲ್ಕ ದರದಲ್ಲಿ ಸೇರಿದೆಯೇ? ಹೊರಡುವ ಸಮಯ ಯಾವ ಗಡಿಯಾರದ್ದು? ಮತ್ತೆ, ಎಲ್ಲಿ ಸೇರಬೇಕು? ಕೊಜುಮೆಲ್‌ನಲ್ಲಿ ಹಡಗು ನಿಲ್ಲುವ ಧಕ್ಕೆಗಳು ಮೂರು. ಪುಂತಾ ಲಾಂಗೋಸ್ತಾ ಊರೊಳಗೇ ಇದೆ, ಫೆರಿ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಇಂಟರ್‌ನ್ಯಾಷನಲ್ ಪಿಯರ್, ಪುಯೆರ್ತಾ ಮಾಯಾ ಎರಡೂ ಊರಿನ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ದೂರ, ಟ್ಯಾಕ್ಸಿ ಬೇಕು. ಟ್ಯಾಕ್ಸಿಗಳಲ್ಲಿ ಮೀಟರ್ ಇಲ್ಲ, ಜಾಗಕ್ಕೆ ತಕ್ಕ ನಿಗದಿತ ದರ. ಹತ್ತುವ ಮುನ್ನ ಎರಡು ಮಾತು ಸ್ಪಷ್ಟ ಮಾಡಿಕೊಳ್ಳಿ: ದರ ವಾಹನಕ್ಕೋ ತಲೆಗೋ, ಹೋಗುವುದಕ್ಕಷ್ಟೋ ವಾಪಸೂ ಸೇರಿಯೋ.

ಸಸ್ಯಾಹಾರಿಗಳು ‘ಊಟ ಸೇರಿದೆ’ ಎಂಬ ಸಾಲನ್ನು ನಂಬಿಕೊಂಡು ಹೋಗಬಾರದು. ಮೆಕ್ಸಿಕೊದಲ್ಲಿ ಬೇಯಿಸಿ ಮಸೆದ ಬೀನ್ಸ್ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವ ರೂಢಿ ಇದೆ, ಅನ್ನಕ್ಕೆ ಕೋಳಿಯ ಸಾರು ಹಾಕುವುದೂ ಉಂಟು. ‘ಸಿನ್ ಕಾರ್ನೆ, ಸಿನ್ ಮಾಂತೆಕಾ’, ಅಂದರೆ ಮಾಂಸವಿಲ್ಲದೆ, ಹಂದಿಕೊಬ್ಬಿಲ್ಲದೆ ಎಂದು ಕೇಳಿ. ಹಡಗಿನಲ್ಲಿ ಹೊಟ್ಟೆ ತುಂಬ ತಿಂಡಿ ತಿಂದು ಇಳಿಯುವುದು ಇನ್ನೂ ಸುಲಭ.

ಧಕ್ಕೆ ಇಲ್ಲದ ಬಂದರಾದರೆ

ಇದೇ ದಾರಿಯಲ್ಲಿ ಬರುವ ಗ್ರ್ಯಾಂಡ್ ಕೇಮನ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ಹಡಗು ಕಡಲಲ್ಲೇ ಲಂಗರು ಹಾಕುತ್ತದೆ. ಟೆಂಡರ್ ಎಂಬ ಚಿಕ್ಕ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಹಡಗಿನ ಪ್ರವಾಸ ಕೊಂಡವರಿಗೆ ಮೊದಲ ದೋಣಿಗಳು. ಉಳಿದವರು ಸಂಖ್ಯೆಯ ಚೀಟಿ ಹಿಡಿದು ಒಂದು ಗಂಟೆ ಕಾದರೂ ಆಶ್ಚರ್ಯವಿಲ್ಲ. ವಾಪಸಾಗುವಾಗ ಮುಖ್ಯವಾದ್ದು ಕೊನೆಯ ಟೆಂಡರ್ ಸಮಯ, ಹಡಗು ಹೊರಡುವ ಸಮಯವಲ್ಲ. ಆದ್ದರಿಂದ ಇಲ್ಲಿ ನಿಮ್ಮ ಗಂಟೆಗಳಿಂದ ಇನ್ನೂ ಒಂದೂವರೆ ಕಳೆಯಿರಿ. ತೊರಕೆ ಮೀನುಗಳ ನಡುವೆ ನಿಲ್ಲುವ ಸ್ಟಿಂಗ್‌ರೇ ಸಿಟಿ ಪ್ರವಾಸ ಸುಮಾರು 3 ಗಂಟೆಯದು, ಅದೊಂದೇ ಸಾಕು. ನೀರು ಸೊಂಟದ ಮಟ್ಟ. ಕಾಲನ್ನು ಎತ್ತಿ ಇಡದೆ ಮರಳಲ್ಲಿ ಎಳೆಯುತ್ತ ನಡೆದರೆ ಮೀನನ್ನು ತುಳಿಯುವ ಅಪಾಯವಿಲ್ಲ. ಅಲೆ ಜೋರಿದ್ದರೆ ಹಡಗು ಈ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತದೆ. ಹಣ ವಾಪಸಿನ ಪ್ರಶ್ನೆ ಇಲ್ಲಿ ಕೊಜುಮೆಲ್‌ಗಿಂತ ಹೆಚ್ಚು ಮುಖ್ಯ.

ಇಳಿಯುವ ಮುನ್ನ

ಭಾರತದ ಪಾಸ್‌ಪೋರ್ಟ್ ಇದ್ದು ಗ್ರೀನ್ ಕಾರ್ಡ್ ಇಲ್ಲದವರಿಗೆ ಅಮೆರಿಕಕ್ಕೆ ಮತ್ತೆ ಪ್ರವೇಶಿಸಲು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲದ ವೀಸಾ ಬೇಕು, ಏಕೆಂದರೆ ಹಡಗು ಹೊರಟ ಕ್ಷಣವೇ ನೀವು ದೇಶ ಬಿಟ್ಟಂತೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಪ್ರವಾಸಿಯಾಗಿ ಬೇರೆ ವೀಸಾ ಬೇಕಿಲ್ಲ. ಉಳಿದ ಪ್ರತಿಯೊಂದು ಬಂದರಿನ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ಕ್ರೂಸ್ ಕಂಪನಿಯಿಂದ ಬರಹದಲ್ಲಿ ಪಡೆಯಿರಿ.

ದಡಕ್ಕೆ ಹೋಗುವಾಗ ಹಡಗಿನ ಕಾರ್ಡ್, ಫೋಟೊ ಇರುವ ಗುರುತುಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ದಿನದ ಔಷಧಿ, ಒಂದು ಕ್ರೆಡಿಟ್ ಕಾರ್ಡ್, ಚಿಲ್ಲರೆ ನೋಟುಗಳು ಜೊತೆಗಿರಲಿ. ಮಧುಮೇಹ, ರಕ್ತದೊತ್ತಡದ ಮಾತ್ರೆಗಳನ್ನು ಒಂದು ದಿನದ್ದಲ್ಲ, ಎರಡು ದಿನದ್ದು ಇಟ್ಟುಕೊಳ್ಳಿ. ಹಡಗಿನ ದಿನಪತ್ರಿಕೆಯಲ್ಲಿ ಆ ಬಂದರಿನ ಏಜೆಂಟರ ವಿಳಾಸ, ಫೋನ್ ಸಂಖ್ಯೆ ಅಚ್ಚಾಗಿರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ, ಕಾಗದದ ಮೇಲೂ ಬರೆದುಕೊಂಡು ಗುಂಪಿನ ಇನ್ನೊಬ್ಬರ ಕಿಸೆಯಲ್ಲಿಡಿ. ತಡವಾಗುತ್ತಿದೆ ಎಂದು ಗೊತ್ತಾದ ತಕ್ಷಣ, ಹಡಗು ಹೊರಡುವ ಮೊದಲೇ, ಆ ಸಂಖ್ಯೆಗೆ ಕರೆ ಮಾಡಿ ನೀವು ಎಲ್ಲಿದ್ದೀರಿ, ಎಷ್ಟು ಜನ, ಕೋಣೆಯ ಸಂಖ್ಯೆ ಎಷ್ಟು ಎಂದು ತಿಳಿಸಿ.