ಹತ್ತು ಜನ ಸೇರಲಿ ಎಂದು ಕಾಯಬೇಡಿ: ಹಾಸನದ ಹಾಸ್ಟೆಲಿನಲ್ಲಿ ಶಬ್ಬಾತ್ ಊಟ ನಡೆಸುವ ಬಗೆ

ಹಾಸನಕ್ಕೆ ಓದಲು ಬಂದ ಯಹೂದಿ ವಿದ್ಯಾರ್ಥಿ ಎಂದರೆ ಒಬ್ಬರೋ ಇಬ್ಬರೋ ಇರಬಹುದು. ಠಾಣೆ, ಮುಂಬೈ ಕಡೆಯ ಬೆನೆ ಇಸ್ರೇಲ್ ಮನೆಯವರು, ಮಿಜೋರಾಂ-ಮಣಿಪುರದ ಬ್ನೇ ಮೆನಾಶೆಯವರು, ಇಲ್ಲವೇ ಹೊರದೇಶದಿಂದ ಒಂದು ಸೆಮಿಸ್ಟರಿಗೆ ಬಂದವರು. ಊರಲ್ಲಿ ಯಹೂದಿ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್ ಇಲ್ಲ. ಹತ್ತು ಮಂದಿ ಇಲ್ಲದೆ ಏನು ಮಾಡುವುದು ಎಂದು ಕೈಚೆಲ್ಲುವುದೇ ಮೊದಲ ತಪ್ಪು. ಹತ್ತು ಯಹೂದಿಗಳ ಮಿನ್ಯಾನ್ ಎಂಬ ಪ್ರಾರ್ಥನಾ ಕೂಟ ಬೇಕಾಗುವುದು ಕದ್ದೀಶ್ ಪ್ರಾರ್ಥನೆ, ಧರ್ಮಗ್ರಂಥ ತೋರಾದ ವಾಚನದಂಥ ಕೆಲವಕ್ಕೆ ಮಾತ್ರ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತಿಗೆ ದೀಪ ಹಚ್ಚಿ, ವೈನಿನ ಬಟ್ಟಲು ಹಿಡಿದು ಕಿದ್ದೂಶ್ ಪ್ರಾರ್ಥನೆ ಹೇಳಿ, ರೊಟ್ಟಿ ಮುರಿದು ಊಟಕ್ಕೆ ಕೂರಲು ಒಬ್ಬರಿದ್ದರೂ ಸಾಕು. ಸುತ್ತ ಕನ್ನಡದ ಸಹಪಾಠಿಗಳು ಕೂತರೆ ಬಳಗವಾಯಿತು. 1923ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಯುವ ರಬ್ಬಿ (ಯಹೂದಿ ಧರ್ಮಗುರು) ಬೆಂಜಮಿನ್ ಫ್ರಾಂಕೆಲ್ ಆರಂಭಿಸಿದ ಹಿಲೆಲ್ ಎಂಬ ವಿದ್ಯಾರ್ಥಿ ಸಂಸ್ಥೆ ಇವತ್ತು ನೂರಾರು ಕ್ಯಾಂಪಸ್‌ಗಳಲ್ಲಿದೆ. ಅಲ್ಲೂ ವಾರದ ಮುಖ್ಯ ಕೂಟ ಶುಕ್ರವಾರ ರಾತ್ರಿಯ ಊಟವೇ.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ಕನ್ನಡ ಬೈಬಲಿನಲ್ಲಿ ಸಬ್ಬತ್ ಎಂದು ಓದಿದ ದಿನವೇ ಶಬ್ಬಾತ್. ಅದು ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗಿ ಶನಿವಾರ ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆ. ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಹಾಸನದಲ್ಲಿ ನವೆಂಬರಿನಲ್ಲಿ ಆರಕ್ಕೆ ಸ್ವಲ್ಪ ಮುಂಚೆಯೇ ಹೊತ್ತು ಮುಳುಗುತ್ತದೆ, ಜುಲೈಯಲ್ಲಿ ಏಳರ ಹತ್ತಿರ. ಅಂದರೆ ಚಳಿಗಾಲದಲ್ಲಿ ಐದೂವರೆಗೆಲ್ಲ ಅಡುಗೆ, ಸ್ನಾನ, ಮೊಬೈಲ್ ಕೆಲಸ ಮುಗಿದಿರಬೇಕು. ನಾಲ್ಕೂವರೆವರೆಗೆ ಲ್ಯಾಬ್ ಇರುವವರಿಗೆ ಅಡುಗೆ ವಹಿಸಿದರೆ ಆ ವಾರ ಕೆಟ್ಟಿತೆಂದೇ ತಿಳಿಯಿರಿ. ಇಡೀ ಸೆಮಿಸ್ಟರಿನ ಶುಕ್ರವಾರಗಳ ಸೂರ್ಯಾಸ್ತದ ವೇಳೆಯನ್ನು ಒಂದೇ ಹಾಳೆಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ.

ಎರಡು ಮೇಣದ ಬತ್ತಿ ಬೇಕು. ಊಟ ಮುಗಿಯುವ ತನಕ ಉರಿಯುವಷ್ಟು ದಪ್ಪನೆಯವು. ವಾರ್ಡನ್ ಅನುಮತಿ ಪಡೆದು, ಸ್ಟೀಲ್ ತಟ್ಟೆಯಲ್ಲಿ ಮರಳು ಹಾಕಿ ನಿಲ್ಲಿಸಿ. ಜಾಗ ಮೊದಲೇ ನೋಡಿಡಿ: ಹಚ್ಚಿದ ಮೇಲೆ ಬತ್ತಿಯನ್ನು ಸರಿಸುವಂತಿಲ್ಲ, ಫ್ಯಾನಿನ ಗಾಳಿ ಬಡಿಯುತ್ತಿದ್ದರೆ ಯಹೂದಿ ಗೆಳೆಯರು ಸ್ವಿಚ್ ಮುಟ್ಟುವಂತೆಯೂ ಇಲ್ಲ. ಕರೆಂಟ್ ಹೋದಾಗ ‘ಲೈಟ್ ಹಾಕು’ ಎಂದು ಅವರು ನಿಮಗೆ ಹೇಳುವಂತಿಲ್ಲ. ನಿಮಗೆ ಬೇಕೆಂದು ನೀವೇ ಹಾಕಿಕೊಂಡ ಬೆಳಕಿನಲ್ಲಿ ಅವರು ಕೂರಬಹುದು. ಇದನ್ನು ಮೊದಲ ದಿನವೇ ಎಲ್ಲರಿಗೂ ತಿಳಿಹೇಳಿ. ಇಲ್ಲದಿದ್ದರೆ ಪ್ರೀತಿಯಿಂದಲೇ ಹತ್ತು ಸಲ ‘ಹಾಕಲಾ? ಆರಿಸಲಾ?’ ಎಂದು ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತೀರಿ.

ಇನ್ನು ರೊಟ್ಟಿ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ಇಡೀ ರೊಟ್ಟಿ ಇರಬೇಕು, ಒಂದು ಚೂರೂ ಮುರಿದಿರಬಾರದು. ಜಡೆಯಂತೆ ಹೆಣೆದ ಈ ರೊಟ್ಟಿಗೆ ಹಲ್ಲಾ ಎನ್ನುತ್ತಾರೆ. ಹಾಸ್ಟೆಲಿನಲ್ಲಿ ಓವನ್ ಇರುವುದಿಲ್ಲ, ಆದರೆ ಅಯ್ಯಂಗಾರ್ ಬೇಕರಿಗಳ ತವರು ಜಿಲ್ಲೆ ಇದು. ಬೀದಿಗೊಂದು ಬೇಕರಿ ಇರುವಾಗ ಮಧ್ಯಾಹ್ನದ ಬನ್ನು ಇಳಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಓವನ್ ಕೊಡುವಂತೆ ಕೇಳಿಕೊಳ್ಳಿ. ಅಲ್ಲಿ ಮೊಟ್ಟೆ ಸೇರಿಸುವುದಿಲ್ಲವಾದ್ದರಿಂದ ಮೊಟ್ಟೆಯಿಲ್ಲದ ಅಳತೆಯೇ ಸರಿ: 1 ಕಿಲೋ ಮೈದಾ, 10 ಗ್ರಾಂ ಇನ್‌ಸ್ಟಂಟ್ ಈಸ್ಟ್, 80 ಗ್ರಾಂ ಸಕ್ಕರೆ, 18 ಗ್ರಾಂ ಉಪ್ಪು, 80 ಮಿಲಿ ಎಣ್ಣೆ, 550 ಮಿಲಿ ಉಗುರುಬೆಚ್ಚನೆ ನೀರು. ಬೆರಳಿಟ್ಟರೆ ಸುಡುವ ನೀರು ಹಾಕಿದರೆ ಈಸ್ಟ್ ಸಾಯುತ್ತದೆ, ಹಿಟ್ಟು ಉಬ್ಬುವುದೇ ಇಲ್ಲ. ಹಾಲು, ಬೆಣ್ಣೆ ಬೇಡವೇ ಬೇಡ, ರೊಟ್ಟಿಗೆ ಹಾಲಿನ ಅಂಶ ಸೇರಬಾರದೆಂಬುದು ನಿಯಮ. ಬೇಕರಿಯವರು ಅಭ್ಯಾಸಬಲದಿಂದ ಮೇಲೆ ಬೆಣ್ಣೆ ಸವರುವುದುಂಟು, ಮುಂಚೆಯೇ ಹೇಳಿಡಿ; ಹೊಳಪಿಗೆ ಸಕ್ಕರೆ ನೀರು ಸಾಕು.

ಹತ್ತು ನಿಮಿಷ ಚೆನ್ನಾಗಿ ನಾದಿ, ಎರಡರಷ್ಟು ಉಬ್ಬಲು ಬಿಡಿ. ಬೇಸಿಗೆಯಲ್ಲಿ ಒಂದು ಗಂಟೆಗೇ ಆಗಿಬಿಡುತ್ತದೆ, ಡಿಸೆಂಬರಿನ ಚಳಿಯಲ್ಲಿ ಎರಡು ದಾಟುತ್ತದೆ. ಆರು ಉಂಡೆ ಮಾಡಿ, ಹೊಸೆದು, ಮೂರು ಮೂರರಂತೆ ಜಡೆ ಹೆಣೆಯಿರಿ. ಬಿಗಿಯಾಗಿ ಎಳೆದು ಹೆಣೆದರೆ ಓವನ್ನಿನಲ್ಲಿ ಉಬ್ಬುವಾಗ ಪಕ್ಕದಲ್ಲಿ ಬಿರಿಯುತ್ತದೆ. ಸಡಿಲ ಬಿಡಿ, ತುದಿ ಒಳಗೆ ಮಡಚಿ. ಇನ್ನೊಂದು ಮುಕ್ಕಾಲು ಗಂಟೆ ಉಬ್ಬಿದ ಮೇಲೆ 180 ಡಿಗ್ರಿಯಲ್ಲಿ 35 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಕೋಶರ್ ಎಂಬ ಯಹೂದಿ ಆಹಾರ ನಿಯಮಕ್ಕೆ ಬೇಕರಿಯ ಟ್ರೇ ಸಲ್ಲದು, ನಿಮ್ಮದೇ ಹೊಸ ಟ್ರೇ, ಬಟರ್ ಪೇಪರ್ ಒಯ್ಯಿರಿ. ಓವನ್ ಹೊತ್ತಿಸುವುದಕ್ಕೆ ಯಹೂದಿ ಗೆಳೆಯರೇ ಕೈಹಾಕಲಿ. ಹಾಸ್ಟೆಲಿನ ಒಲೆಗೂ ಅದೇ ಮಾತು. ಬೇಕರಿ ಕೈಕೊಟ್ಟರೆ ಎರಡು ಇಡೀ ಚಪಾತಿ ಆಗುತ್ತದೆ. ಅಕ್ಕಿರೊಟ್ಟಿ, ರಾಗಿರೊಟ್ಟಿ ಆಗುವುದಿಲ್ಲ: ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಎಂಬ ಐದು ಧಾನ್ಯದ್ದಕ್ಕೆ ಮಾತ್ರ ರೊಟ್ಟಿಯ ಪ್ರಾರ್ಥನೆ ಸಲ್ಲುತ್ತದೆ. ಊಟದ ಜೊತೆ ತಿನ್ನಲು ಅಡ್ಡಿಯಿಲ್ಲ.

ಕಿದ್ದೂಶಿಗೆ ಕೋಶರ್ ವೈನ್ ಹುಡುಕಿ ಅಲೆಯಬೇಡಿ. ಬೆನೆ ಇಸ್ರೇಲ್ ಮನೆಗಳಲ್ಲಿ ಒಣದ್ರಾಕ್ಷಿಯ ಶರಬತ್ತು ಮಾಡುವ ಪದ್ಧತಿಯಿದೆ. ಕಾಲು ಕಿಲೋ ಕಪ್ಪು ಒಣದ್ರಾಕ್ಷಿಯನ್ನು ತೊಳೆದು, ಅರ್ಧ ಲೀಟರ್ ನೀರಿನಲ್ಲಿ ಗುರುವಾರ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಬೇಕು. ಇದನ್ನು ಯಹೂದಿ ವಿದ್ಯಾರ್ಥಿಯೇ ಮಾಡಲಿ. ಸೋಸಿದ್ದನ್ನು ಒಮ್ಮೆ ಕುದಿಸಿ ಆರಿಸಿಟ್ಟರೆ ಆಮೇಲೆ ಯಾರು ಬಡಿಸಿದರೂ ತೊಂದರೆಯಿಲ್ಲ.

ಅಡುಗೆ ಪೂರ್ತಿ ಸಸ್ಯಾಹಾರವೇ ಇರಲಿ. ಮಾಂಸ-ಹಾಲು ಬೆರೆಸಬಾರದೆಂಬ ನಿಯಮದ ಗೊಡವೆ ಇರುವುದಿಲ್ಲ. ಆದರೆ ‘ವೆಜ್ ಅಂದಮೇಲೆ ಕೋಶರ್ ಆಯ್ತಲ್ಲ’ ಎಂಬುದು ತಪ್ಪು. ಮೆಸ್ಸಿನ ಪಾತ್ರೆ ನಡೆಯುವುದಿಲ್ಲ. ಹೊಸ ಸ್ಟೀಲ್ ಪಾತ್ರೆಯನ್ನೂ ಬಳಸುವ ಮೊದಲು ಸಹಜ ನೀರಿನಲ್ಲಿ ಮುಳುಗಿಸಬೇಕು. ಹೇಮಾವತಿ ಹತ್ತಿರವಿದೆ, ಆದರೆ ಮಳೆ ನೀರು ತುಂಬಿ ಹರಿಯುವ ದಿನಗಳಲ್ಲಿ ಆ ನೀರು ಸಲ್ಲುತ್ತದೆಯೇ ಎಂದು ರಬ್ಬಿಯೊಬ್ಬರನ್ನು ಫೋನಿನಲ್ಲಿ ಕೇಳಿಯೇ ಹೋಗಿ. ಸೊಪ್ಪು, ಹೂಕೋಸಿನಲ್ಲಿ ಒಂದು ಹುಳ ಉಳಿದರೂ ತಿನ್ನುವಂತಿಲ್ಲ, ಹಾಗಾಗಿ ಆರಂಭದಲ್ಲಿ ಅವನ್ನು ಕೈಬಿಡುವುದೇ ವಾಸಿ. ಹತ್ತು ಜನಕ್ಕೆ 1 ಕಿಲೋ ಅಕ್ಕಿಯ ಪುಳಿಯೋಗರೆ, ಒಂದೂವರೆ ಕಿಲೋ ಹಾಸನದ ಆಲೂಗಡ್ಡೆಯ ಪಲ್ಯ, ಕಾಲು ಕಿಲೋ ಹೆಸರುಬೇಳೆಯ ಕೋಸಂಬರಿ. ಪುಳಿಯೋಗರೆ ಆರಿದರೂ ರುಚಿ ಕೆಡುವುದಿಲ್ಲ. ಒಲೆಗೆ ಮತ್ತೆ ಇಡುವಂತಿಲ್ಲದ ರಾತ್ರಿಗೆ ಅದಕ್ಕಿಂತ ಒಳ್ಳೆಯ ಅನ್ನ ಬೇರೆ ಕಾಣೆವು. ಸಾರು ಬೇಕೇಬೇಕು ಎಂದರೆ ಹಾಟ್‌ಬಾಕ್ಸಿಗೆ ಹಾಕಿಡಿ.

ಯಾರು ಬರುತ್ತಾರೆಂದು ಬುಧವಾರ ರಾತ್ರಿಯೊಳಗೆ ಹೆಸರು ಕೇಳಿ, ದುಡ್ಡು ಗುರುವಾರವೇ ಕೂಡಿಸಿ. ಶಬ್ಬಾತಿನಲ್ಲಿ ಹಣ ಮುಟ್ಟುವುದಿಲ್ಲ. ದೀಪ ಹಚ್ಚಿದ ಮೇಲೆ ಫೋಟೋ ಬೇಡ. ಕಿದ್ದೂಶ್ ಆದ ಬಳಿಕ ಚೊಂಬಿನಿಂದ ಒಂದೊಂದು ಕೈಗೂ ಎರಡು ಮೂರು ಸಲ ನೀರು ಹುಯ್ದುಕೊಂಡು, ರೊಟ್ಟಿ ಉಪ್ಪಿಗೆ ಅದ್ದಿ ಬಾಯಿಗಿಡುವವರೆಗೆ ಮಾತಾಡುವುದಿಲ್ಲ. ಹೊಸಬರಿಗೆ ಈ ಮೌನ ಗೊತ್ತಿರುವುದಿಲ್ಲ, ಏನೋ ಬೇಸರವಾಯಿತೆಂದುಕೊಳ್ಳುತ್ತಾರೆ. ಕೈತೊಳೆಯಲು ಏಳುವ ಮುಂಚೆಯೇ ಹೇಳಿ.

ಶನಿವಾರದ ಪರೀಕ್ಷೆಗಳ ವಿಷಯ ಸೆಮಿಸ್ಟರಿನ ಮೊದಲ ವಾರವೇ ಪ್ರಾಂಶುಪಾಲರಿಗೆ ಅರ್ಜಿ ಹೋಗಬೇಕು. ‘ಪ್ರಾರ್ಥನೆಗೆ ರಜೆ’ ಎಂದಷ್ಟೇ ಬರೆದರೆ ಒಂದು ಗಂಟೆಯ ಮಾತೆಂದುಕೊಳ್ಳುತ್ತಾರೆ. ‘ಆ ದಿನ ಪೆನ್ನು ಹಿಡಿದು ಬರೆಯುವಂತಿಲ್ಲ’ ಎಂದೇ ಬರೆಯಿರಿ. ಹಬ್ಬಗಳ ಪಟ್ಟಿಯನ್ನೂ ಲಗತ್ತಿಸಿ: 2026ರಲ್ಲಿ ಹೊಸವರ್ಷ ರೋಶ್ ಹಶಾನಾ ಸೆಪ್ಟೆಂಬರ್ 12 ಮತ್ತು 13, ಮಾರನೆಯ ದಿನವೇ ಗಣೇಶ ಚತುರ್ಥಿ. ಯೋಮ್ ಕಿಪ್ಪೂರ್ ಉಪವಾಸ ಸೆಪ್ಟೆಂಬರ್ 21, ನೀರೂ ಇಲ್ಲ.

ಇಂಥ ಬಳಗಗಳು ಒಡೆಯುವುದು ಜಗಳದಿಂದಲ್ಲ, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡವರು ಕೋರ್ಸ್ ಮುಗಿಸಿ ಹೋಗುವುದರಿಂದ. ಆದ್ದರಿಂದ ಮೂರನೇ ಶುಕ್ರವಾರದಿಂದಲೇ ಜೂನಿಯರ್‌ಗಳ ಕೈಗೆ ಕೆಲಸ ಕೊಡಿ, ಹಿರಿಯರು ಪಕ್ಕದಲ್ಲಿ ನಿಂತಿರಲಿ. ಯಹೂದಿ ವಿದ್ಯಾರ್ಥಿ ಇನ್ನೊಬ್ಬರು ಬಂದರೆ ಕಿದ್ದೂಶ್ ಅವರೇ ಹೇಳಲಿ, ತಪ್ಪಿದರೂ ಸರಿ. ಶನಿವಾರ ರಾತ್ರಿ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ ವಿಧಿಗೆ ಉಳಿದ ಶರಬತ್ತು, ಮೂಸಲು ಏಲಕ್ಕಿ-ಲವಂಗ, ಉರಿ ಸೇರಿಸಿ ಹಿಡಿದ ಎರಡು ಬತ್ತಿ ಸಾಕು. ಅದಾದ ಮೇಲಷ್ಟೇ ಪೆನ್ನು ಮುಟ್ಟಬಹುದು. ಆಗ ನೋಟ್‌ಬುಕ್ ತೆಗೆದು ಬರೆದಿಡಿ: ಎಷ್ಟು ಜನ ಬಂದರು, ಏನು ಸಾಲಲಿಲ್ಲ, ಮುಂದಿನ ಶುಕ್ರವಾರ ಹಿಟ್ಟು ಕಲಸುವವರು ಯಾರು.